ರೇಡಿಯೋದಲ್ಲಿ ನಾಯಕ, ಪರದೆಯ ಮೇಲೆ ಪೋಷಕ ನಟ: ವಿಲಿಯಂ ಕಾನ್ರಾಡ್ ಬಗ್ಗೆ ಮಾತಾಡೋಣ

ಹಳೆಯ ಅಲೆ

ಎರಡು ವರ್ಷದಿಂದ ಮಲಗುವ ಮುಂಚೆ ಹಳೆಯ ಅಮೆರಿಕನ್ ರೇಡಿಯೋ ನಾಟಕ ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಕೇಳುತ್ತಾ ಹೋದ ಹಾಗೆ ಒಂದು ದನಿ ಪದೇ ಪದೇ ಎದುರಾಗತೊಡಗಿತು. ಇವತ್ತು ಪೊಲೀಸ್, ನಾಳೆ ಕೊಲೆಗಾರ, ನಾಳಿದ್ದು ಕಾಡಿನ ನಡುವೆ ಸಿಕ್ಕಿಕೊಂಡ ಸಾಹಸಿ. ದಪ್ಪನೆಯ, ತುಂಬಿದ ದನಿ. ಸಿಟ್ಟು ಬಂದಾಗ ಅದು ಏರುವುದಿಲ್ಲ, ಇನ್ನಷ್ಟು ತಗ್ಗುತ್ತದೆ. ಕೇಳುವವರ ಬೆನ್ನಿನಲ್ಲಿ ಚಳಿ ಹುಟ್ಟುವುದು ಆ ತಗ್ಗಿನಲ್ಲೇ. ಯಾರಪ್ಪಾ ಇದು ಅಂತ ಹುಡುಕಿದಾಗ ಸಿಕ್ಕ ಹೆಸರು ವಿಲಿಯಂ ಕಾನ್ರಾಡ್.

ಕೆಲವರಿಗೆ 'ಕ್ಯಾನನ್' ಧಾರಾವಾಹಿಯ ದಪ್ಪ ಮೈಯ ಪತ್ತೇದಾರ ಅಂದರೆ ನೆನಪಾಗಬಹುದು. ಅದಕ್ಕಿಂತ ಹಿಂದಿನ ಕತೆ ನನ್ನನ್ನು ಹಿಡಿದು ಕೂರಿಸಿದೆ, ಅದನ್ನೇ ಇಲ್ಲಿ ಹೇಳುತ್ತೇನೆ.

ಕಾನ್ರಾಡ್ ಹುಟ್ಟಿದ್ದು 1920ರ ಸೆಪ್ಟೆಂಬರ್ 27ರಂದು, ಕೆಂಟಕಿಯ ಲೂಯಿವಿಲ್‌ನಲ್ಲಿ. ಮನೆಯವರದು ಸಿನಿಮಾ ಟಾಕೀಸು. ಆಮೇಲೆ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಬಂತು. ನಾಟಕ, ಸಾಹಿತ್ಯ ಓದಿದ ಹುಡುಗ ಲಾಸ್ ಏಂಜಲಿಸ್‌ನ ಕೆಎಂಪಿಸಿ ರೇಡಿಯೋಗೆ ಸೇರಿದರು. ಅಲ್ಲಿ ಉದ್ಘೋಷಕ, ಬರಹಗಾರ, ನಿರ್ದೇಶಕ, ಮೂರೂ ಅವರೇ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಪೈಲಟ್ ಆದರು. ಸೈನಿಕರಿಗಾಗಿ ನಡೆಯುತ್ತಿದ್ದ ರೇಡಿಯೋ ಸೇವೆಯಲ್ಲೂ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಮೈಕಿನ ಮುಂದೆ. ಅವರ ಸ್ವಂತ ಲೆಕ್ಕದಲ್ಲಿ ರೇಡಿಯೋದಲ್ಲಿ ಮಾಡಿದ ಪಾತ್ರಗಳು 7,500ಕ್ಕೂ ಜಾಸ್ತಿ!

1952ರ ಏಪ್ರಿಲ್ 26ರಂದು ಸಿಬಿಎಸ್ ರೇಡಿಯೋದಲ್ಲಿ 'ಗನ್‌ಸ್ಮೋಕ್' ಶುರುವಾಯಿತು. ಕಾನ್ಸಾಸ್‌ನ ಡಾಡ್ಜ್ ಸಿಟಿ, ಅಲ್ಲಿ ಕಾನೂನು ಕಾಯುವ ಅಧಿಕಾರಿ, ಮಾರ್ಷಲ್ ಮ್ಯಾಟ್ ಡಿಲನ್. ಡಿಲನ್ ದನಿ ಕಾನ್ರಾಡ್ ಅವರದು. ಇದು ಮಕ್ಕಳ ಕೌಬಾಯ್ ಕತೆ ಅಲ್ಲ, ದೊಡ್ಡವರಿಗೆ ಅಂತಲೇ ಮಾಡಿದ್ದು. ಇಲ್ಲಿ ಮಾರ್ಷಲ್ ಎಲ್ಲರನ್ನೂ ಉಳಿಸುವುದಿಲ್ಲ. ಎಷ್ಟೋ ಸಲ ತಡವಾಗಿ ಬರುತ್ತಾನೆ. ಕತೆ ಮುಗಿಯುವಾಗ ದಣಿದು ಒಬ್ಬನೇ ನಿಂತಿರುತ್ತಾನೆ. ಆ ದಣಿವು ಕಾನ್ರಾಡ್ ದನಿಯಲ್ಲಿ ಕೇಳಿಸುತ್ತದೆ.

1955ರಲ್ಲಿ ಅದೇ ಕತೆ ಟಿವಿಗೆ ಹೋಯಿತು. ಡಿಲನ್ ಪಾತ್ರ ಜೇಮ್ಸ್ ಆರ್ನೆಸ್ ಅವರ ಪಾಲಾಯಿತು. ಕಾನ್ರಾಡ್ ಗಿಡ್ಡ, ದಪ್ಪ ಮೈ, ದಟ್ಟ ಮೀಸೆ. ಟಿವಿಯವರಿಗೆ ಬೇಕಿದ್ದ ಮಾರ್ಷಲ್ ಹಾಗಿರಲಿಲ್ಲ.

ಆದರೆ ರೇಡಿಯೋ ಸರಣಿ ನಿಲ್ಲಲಿಲ್ಲ, 1961ರ ಜೂನ್ ತನಕ ನಡೆಯಿತು. ಅಂದರೆ ಆರು ವರ್ಷ ಒಂದೇ ಮಾರ್ಷಲ್‌ಗೆ ಇಬ್ಬರು ಯಜಮಾನರು. ಟಿವಿಯಲ್ಲಿ ಆರ್ನೆಸ್, ರೇಡಿಯೋದಲ್ಲಿ ಕಾನ್ರಾಡ್. ಪಾತ್ರವನ್ನು ತನ್ನ ಕೈಯಿಂದ ಕಿತ್ತುಕೊಂಡ ಮೇಲೂ ಈ ಮನುಷ್ಯ ವಾರ ವಾರ ಬಂದು ಅದೇ ಪಾತ್ರಕ್ಕೆ ಅಷ್ಟೇ ಪ್ರೀತಿಯಿಂದ ದನಿ ಕೊಟ್ಟರಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ನಿಮಗೆಲ್ಲ ಏನನಿಸುತ್ತದೆ?

ನೇಪಥ್ಯ

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ನಾನು ಅವರನ್ನು ಮೊದಲು ನೋಡಿದ್ದು ಸಿನಿಮಾದಲ್ಲಿ. 1946ರ 'ದಿ ಕಿಲ್ಲರ್ಸ್'. ಬರ್ಟ್ ಲ್ಯಾಂಕಾಸ್ಟರ್ ಅವರ ಮೊದಲ ಚಿತ್ರ, ಹೆಮಿಂಗ್ವೇ ಕತೆ. ಸಣ್ಣ ಊರಿನ ಹೋಟೆಲಿಗೆ ಇಬ್ಬರು ಬರುತ್ತಾರೆ, ಒಬ್ಬನನ್ನು ಕೊಲ್ಲಲು ಬಂದವರು. ಒಬ್ಬ ಚಾರ್ಲ್ಸ್ ಮೆಕ್‌ಗ್ರಾ, ಇನ್ನೊಬ್ಬ ಕಾನ್ರಾಡ್. ಬಂದೂಕು ಹೊರಗೆ ತೆಗೆಯುವ ಮುಂಚೆಯೇ ಮಾತಿನಲ್ಲಿ ಹೋಟೆಲಿನವರನ್ನು ಅಲ್ಲಾಡಿಸಿಬಿಡುತ್ತಾರೆ. ಊಟದ ವಿಷಯ ಮಾತಾಡಿದರೂ ಬೆದರಿಕೆ ಹಾಕಿದ ಹಾಗೆ ಇರುತ್ತದೆ. ಆ ದೃಶ್ಯ ರೇಡಿಯೋ ನಟ ಮಾಡಿದ್ದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು.

ಅಲ್ಲಿಂದ ಮುಂದೆ ಹತ್ತು ಹದಿನೈದು ವರ್ಷ ಸಿನಿಮಾದವರು ಅವರನ್ನು ಅಲ್ಲೇ ಇಟ್ಟರು. ಗೂಂಡಾ, ಪೊಲೀಸ್, ಒರಟು ಮೇಲಧಿಕಾರಿ. 1948ರ 'ಸಾರಿ, ರಾಂಗ್ ನಂಬರ್', 1959ರಲ್ಲಿ ಜಾಕ್ ವೆಬ್ ಜೊತೆ ಪತ್ರಿಕಾ ಕಚೇರಿಯ ಕತೆ. ಒಂದೂ ಕೆಟ್ಟ ಅಭಿನಯ ಇಲ್ಲ. ನಾಯಕನ ಜಾಗವೂ ಇಲ್ಲ.

ಆದರೂ ಟಿವಿಯವರನ್ನು ನಾನು ಪೂರ್ತಿ ದೂರುವುದಿಲ್ಲ. ಆರ್ನೆಸ್ 6 ಅಡಿ 7 ಇಂಚು. ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಬಂದರೆ ಸಾಕು, ಮಾತೇ ಬೇಡ. ಟಿವಿ ಎಂದರೆ ಕಣ್ಣಿನ ಕೆಲಸ ಅಲ್ವಾ? ಅವರು ಆಯ್ಕೆ ಮಾಡಿದ ಸರಣಿ 20 ಸೀಸನ್, 635 ಕಂತು ಓಡಿತು. ಆಯ್ಕೆ ತಪ್ಪು ಅಂತ ಹೇಳುವುದು ಕಷ್ಟ.

ಮೈಕಿನ ಮುಂದೆ

ನೇಪಥ್ಯ ಅವರೇ, ಓಡಿದ್ದಕ್ಕೇ ಆಯ್ಕೆ ಸರಿ ಅನ್ನುವುದಾದರೆ ಮಾತು ಮುಗಿದೇ ಹೋಯಿತು. ನನಗೆ ಹಾಗೆ ಅನಿಸುವುದಿಲ್ಲ.

ನಾನು ದನಿ ಕೊಡುವ ಕೆಲಸ ಮಾಡುವವಳು, ಡಬ್ಬಿಂಗ್ ಮತ್ತು ಶ್ರವ್ಯ ನಾಟಕ. ಅದಕ್ಕೇ ಕಾನ್ರಾಡ್ ವಿಷಯದಲ್ಲಿ ಸುಮ್ನೆ ಇರಲು ಆಗುತ್ತಿಲ್ಲ. ಆ ಕಾಲದ ರೇಡಿಯೋ ನಟರ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳುತ್ತೇನೆ. ಕೈಯಲ್ಲಿ ಸ್ಕ್ರಿಪ್ಟ್ ಹಿಡಿದು ಮೈಕಿನ ಮುಂದೆ ನಿಂತಿರುತ್ತಾರೆ. ಹಾಳೆ ತಿರುಗಿಸುವ ಸದ್ದು ಬರಬಾರದು, ಅದಕ್ಕೆ ಓದಿ ಮುಗಿಸಿದ ಹಾಳೆಯನ್ನು ಮೆಲ್ಲಗೆ ಕೆಳಗೆ ಬಿಡುತ್ತಾರೆ. ದೂರದಿಂದ ಕೂಗುವ ಮಾತಾದರೆ ಮೈಕಿನಿಂದ ಹಿಂದೆ ಸರಿಯಬೇಕು, ಮುಖ ಪಕ್ಕಕ್ಕೆ ತಿರುಗಿಸಬೇಕು. ಗುಟ್ಟು ಹೇಳುವಾಗ ತುಟಿ ಮೈಕಿಗೆ ತಾಗುವಷ್ಟು ಹತ್ತಿರ. ಕೈಯಲ್ಲಿ ಹಾಳೆ ಹಿಡಿದು ನಿಂತಲ್ಲೇ ನಿಂತು, ಕುದುರೆ ಇಳಿದು ಬಂದವನ ಉಸಿರು ತರಬೇಕು. ನೇರ ಪ್ರಸಾರ ಆದರೆ ತಪ್ಪಿದ್ದು ತಪ್ಪಿತು, ಮತ್ತೆ ಹೇಳುವ ಹಾಗಿಲ್ಲ.

ಕಾನ್ರಾಡ್ ಇದರಲ್ಲಿ ಮೇಷ್ಟ್ರು. ಅವರ ಮೌನ ಗಮನಿಸಿ. ಗನ್‌ಸ್ಮೋಕ್‌ನಲ್ಲಿ ಡಿಲನ್‌ಗೆ ಯಾರೋ ಕೆಟ್ಟ ಸುದ್ದಿ ತಂದಾಗ ಅವರು ತಕ್ಷಣ ಉತ್ತರ ಕೊಡುವುದಿಲ್ಲ. ಒಂದು ಉಸಿರು. ಮರದ ಹಲಗೆ ಮೇಲೆ ಎರಡು ಹೆಜ್ಜೆ, ಬೂಟಿನ ಮುಳ್ಳುಗಾಲಿಯ ಸದ್ದು. ಆಮೇಲೆ ಒಂದೇ ಪದ. ಅಷ್ಟು ಹೊತ್ತು ಸುಮ್ಮನಿರಲು ರೇಡಿಯೋದಲ್ಲಿ ಧೈರ್ಯ ಬೇಕು. ಸ್ವಲ್ಪ ಜಾಸ್ತಿಯಾದರೆ ಕೇಳುವವರು ಪ್ರಸಾರ ನಿಂತೇ ಹೋಯಿತು ಅಂದುಕೊಳ್ಳುತ್ತಾರೆ. ಆ ಸರಣಿಯ ಸೌಂಡ್ ಎಫೆಕ್ಟ್ ಮಾಡಿದವರಿಗೂ ಅರ್ಧ ಶ್ರೇಯಸ್ಸು ಸಲ್ಲಬೇಕು. ಗಾಳಿ, ನಾಯಿ, ಬಾಗಿಲು, ದೂರದ ಪಿಯಾನೋ, ಇವೆಲ್ಲ ಸೇರಿ ಊರು ಕಟ್ಟಿದವರು ಅವರು.

ನನಗೂ ಒಮ್ಮೆ ಒಂದು ಪಾತ್ರಕ್ಕೆ ದನಿ ಬಹಳ ಚೆನ್ನಾಗಿದೆ ಅಂತ ಕರೆದರು. ಹೋದ ಮೇಲೆ ನೋಡಿ, ಬೇರೆಯವರ ಮುಖಕ್ಕೆ ನಿಮ್ಮ ದನಿ ಇಟ್ಟುಕೊಳ್ಳುತ್ತೇವೆ ಅಂದರು. ದುಡ್ಡು ಕೊಟ್ಟರು, ಮರ್ಯಾದೆಯಿಂದಲೇ ನಡೆದುಕೊಂಡರು. ಆದರೂ ಆ ದಿನ ಮನೆಗೆ ಬಂದವಳು ಯಾರ ಜೊತೆಗೂ ಮಾತಾಡಲಿಲ್ಲ. ಆಯ್ಕೆ ಸರಿಯಿತ್ತೋ ತಪ್ಪೋ, ನೋವು ನೋವೇ.

ಕೇಳುಗ 3

ಒಂದು ಪ್ರಶ್ನೆ. ಟಿವಿಗೆ ಅವರನ್ನು ಪರೀಕ್ಷೆ ಮಾಡಲೇ ಇಲ್ಲವಾ? ಕುರ್ಚಿಯ ಕತೆ ಎಲ್ಲೋ ಓದಿದ ನೆನಪು.

ಹಳೆಯ ಅಲೆ

ಮಾಡಿದರು. ರೇಡಿಯೋ ತಂಡದ ನಾಲ್ಕು ಮುಖ್ಯ ನಟರಿಗೂ ಪರೀಕ್ಷೆ ಆಯಿತು, ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಕುರ್ಚಿಯ ಕತೆ ಇಷ್ಟು: ಕ್ಯಾಮೆರಾ ಮುಂದೆ ಕೂತಿದ್ದ ಕಾನ್ರಾಡ್ ಎದ್ದಾಗ ಕುರ್ಚಿಯೂ ಅವರ ಜೊತೆ ಎದ್ದಿತಂತೆ. ಎಲ್ಲರೂ ಇದನ್ನು ನಗೆಚಾಟಿಕೆಯ ಹಾಗೆ ಹೇಳುತ್ತಾರೆ. ನನಗೆ ನಗು ಬರಲಿಲ್ಲ. ಮೂರು ವರ್ಷ ಒಂದು ಪಾತ್ರವನ್ನು ಎದೆಯಲ್ಲಿ ಇಟ್ಟುಕೊಂಡವನು ಆ ಕೋಣೆಯಲ್ಲಿ ಹೇಗೆ ನಿಂತಿದ್ದ ಅಂತ ಮಾತ್ರ ಯೋಚಿಸಿದೆ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಟಿವಿ ಗನ್‌ಸ್ಮೋಕ್‌ನ ಮೊದಲ ವರ್ಷಗಳ ಎಷ್ಟೋ ಕಂತುಗಳು ಜಾನ್ ಮೆಸ್ಟನ್ ಬರೆದ ರೇಡಿಯೋ ಸ್ಕ್ರಿಪ್ಟ್‌ಗಳಿಂದಲೇ ಆದವು. ಕಾನ್ರಾಡ್ ಆಗಲೇ ಹೇಳಿ ಮುಗಿಸಿದ್ದ ಮಾತುಗಳನ್ನು ಆರ್ನೆಸ್ ಮತ್ತೆ ಹೇಳಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದ್ದೇನೆ. ಆರ್ನೆಸ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಅವರ ಡಿಲನ್ ಬಂಡೆಯ ಹಾಗೆ. ಕಾನ್ರಾಡ್ ಅವರ ಡಿಲನ್ ಒಳಗೊಳಗೇ ಬಿರುಕು ಬಿಟ್ಟವನು. ಒಬ್ಬನನ್ನು ಕೊಂದ ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತದೆ.

ಮೂರನೇ ಸಾಲು

ಸರ್, ನೀವು ನಾಲ್ಕು ನಟರು ಅಂದಿದ್ದು ಒಳ್ಳೆಯದಾಯಿತು. ಎಲ್ಲರೂ ಕಾನ್ರಾಡ್ ಒಬ್ಬರಿಗೇ ಮರುಗುತ್ತಾರೆ. ಚೆಸ್ಟರ್ ಆಗಿದ್ದ ಪಾರ್ಲಿ ಬೇರ್, ಡಾಕ್ಟರ್ ಆಗಿದ್ದ ಹೋವರ್ಡ್ ಮೆಕ್‌ನಿಯರ್, ಕಿಟ್ಟಿಯಾಗಿದ್ದ ಜಾರ್ಜಿಯಾ ಎಲ್ಲಿಸ್, ಅವರಿಗೂ ಅದೇ ಬಾಗಿಲು ಮುಚ್ಚಿತು.

ಮೆಕ್‌ನಿಯರ್ ಮುಂದೆ 'ದಿ ಆಂಡಿ ಗ್ರಿಫಿತ್ ಶೋ'ನಲ್ಲಿ ಕ್ಷೌರಿಕ ಫ್ಲಾಯ್ಡ್ ಆದರು. ಬೇರ್ ಅದೇ ಸರಣಿಯಲ್ಲಿ ಮೇಯರ್. ಗನ್‌ಸ್ಮೋಕ್‌ನ ಡಾಕ್ಟರ್ ಕೇಳಿ ಆಮೇಲೆ ಫ್ಲಾಯ್ಡ್ ನೋಡಿ, ಒಬ್ಬರೇ ಅಂತ ನಂಬಲು ಆಗುವುದಿಲ್ಲ. ಡಾಕ್ಟರ್ ಹೆಣ ನೋಡಿದರೂ ಚುಟುಕಾಗಿ ಮಾತಾಡುವ ಗಟ್ಟಿ ಮುದುಕ. ಫ್ಲಾಯ್ಡ್ ಮಾತು ಶುರು ಮಾಡಿ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ತೇಲುವ ಮನುಷ್ಯ. ಪೋಷಕ ನಟ ಅಂದರೆ ಇದು ಸರ್. ಹೆಸರು ಯಾರಿಗೂ ನೆನಪಿರುವುದಿಲ್ಲ, ಅವರಿಲ್ಲದ ಊರನ್ನು ಊಹಿಸಲೂ ಆಗುವುದಿಲ್ಲ.

ಜಾನ್ ಡೆಹ್ನರ್ ಅವರನ್ನೂ ಬಿಡಬೇಡಿ. ಡಿಸ್ನಿಯಲ್ಲಿ ಚಿತ್ರ ಬಿಡಿಸುತ್ತಿದ್ದರು, ಆಮೇಲೆ ರೇಡಿಯೋ ಸುದ್ದಿಗೆ ಬಂದರು, ಅಲ್ಲಿಂದ ರೇಡಿಯೋ ನಾಟಕ, ಅಲ್ಲಿಂದ ಪೋಷಕ ನಟ. ಅವರ ಕತೆ ಕಾನ್ರಾಡ್ ಕತೆಗೆ ತಿರುಗಾಮುರುಗಾ. 'ಹ್ಯಾವ್ ಗನ್, ವಿಲ್ ಟ್ರಾವೆಲ್' ಟಿವಿಯಲ್ಲಿ ಮೊದಲು ಬಂತು, ರಿಚರ್ಡ್ ಬೂನ್ ನಾಯಕ. 1958ರಲ್ಲಿ ಅದನ್ನು ರೇಡಿಯೋಗೆ ತಂದಾಗ ನಾಯಕನ ಪಾತ್ರ ಡೆಹ್ನರ್‌ಗೆ ಸಿಕ್ಕಿತು. ಟಿವಿಯ ಪಾತ್ರ ರೇಡಿಯೋಗೆ ಇಳಿದು ಬಂದಿದ್ದು ಬಹಳ ಅಪರೂಪ.

ನೇಪಥ್ಯ

ಮೈಕಿನ ಮುಂದೆ ಮೇಡಂ, ನಿಮ್ಮ ಅನುಭವ ಓದಿ ಮನಸ್ಸಿಗೆ ತಟ್ಟಿತು. ನಾನು ಲೆಕ್ಕದ ಮಾತಾಡಿದೆ, ನೀವು ಆ ಜಾಗದಲ್ಲಿ ನಿಂತವರ ಮಾತಾಡಿದಿರಿ. ಆದರೂ ಒಂದು ಮಾತು ಉಳಿದಿದೆ. ಕಾನ್ರಾಡ್ ಅಲ್ಲಿಗೇ ಮುಗಿದು ಹೋಗಲಿಲ್ಲ. 1971ರಲ್ಲಿ 'ಕ್ಯಾನನ್' ಬಂತು, 1976ರ ತನಕ 122 ಕಂತು. ಕೆಲಸ ಬಿಟ್ಟ ಪೊಲೀಸ್, ಈಗ ಖಾಸಗಿ ಪತ್ತೇದಾರ, ಊಟದ ರುಚಿ ಬಲ್ಲವನು, ಉದ್ದನೆಯ ಲಿಂಕನ್ ಕಾರು. ಆ ಮೈಯನ್ನೇ ಮುಂದಿಟ್ಟುಕೊಂಡು 50 ದಾಟಿದ ಮೇಲೆ ನಾಯಕ ಆದರು. ಯಾವ ಮೈ ಬೇಡ ಅಂತ ಟಿವಿ ಹೇಳಿತ್ತೋ ಅದೇ ಮೈಗೆ ಟಿವಿ ಜಾಗ ಮಾಡಿಕೊಟ್ಟಿತು. ಇದು ಗೆಲುವು ಅಲ್ವಾ?

ಮೈಕಿನ ಮುಂದೆ

ಗೆಲುವೇ ಸರ್, ಒಪ್ಪಿದೆ. ಕ್ಯಾನನ್ ನನಗೂ ಇಷ್ಟ. ಓಡುವಾಗ ಏದುಸಿರು ಬಿಡುತ್ತಾನೆ, ಹೊಡೆತ ತಿನ್ನುತ್ತಾನೆ, ಆದರೂ ಬಿಡುವುದಿಲ್ಲ. ಅಂಥ ನಾಯಕ ಆಗ ಬೇರೆ ಯಾರಿದ್ದರು?

ಆದರೆ 1987ರಲ್ಲಿ ಬಂದ ಮುಂದಿನ ಸರಣಿ ನೋಡಿ. 'ಜೇಕ್ ಅಂಡ್ ದಿ ಫ್ಯಾಟ್‌ಮನ್'. ಅದರಲ್ಲಿ ಅವರು ಸರ್ಕಾರಿ ವಕೀಲ ಮೆಕ್‌ಕೇಬ್. ಐದು ವರ್ಷ ನಡೆಯಿತು. ಜೇಕ್‌ಗೆ ಹೆಸರಿದೆ. ಇನ್ನೊಬ್ಬ ಬರೀ ದಪ್ಪ ಮನುಷ್ಯ! 35 ವರ್ಷ ಹಿಂದೆ ಮ್ಯಾಟ್ ಡಿಲನ್ ಆಗಿದ್ದವರು, ಸಿನಿಮಾ ನಿರ್ದೇಶನ ಮಾಡಿದವರು, ಸಾವಿರಾರು ಪಾತ್ರಕ್ಕೆ ಜೀವ ತುಂಬಿದವರು, ಟೈಟಲ್ ಕಾರ್ಡಿನಲ್ಲಿ ತೂಕ ಮಾತ್ರ ಆಗಿ ಉಳಿದರು. ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ಅವರಿಗೆ ಚುಚ್ಚಿತೋ ಇಲ್ಲವೋ, ಅದು ಬೇರೆ ಮಾತು. ಕೆಲಸವನ್ನಂತೂ ಪೂರ್ತಿ ಮನಸ್ಸಿಟ್ಟು ಮಾಡಿದರು.

ಹಳೆಯ ಅಲೆ

ಇಬ್ಬರ ಮಾತೂ ಓದಿದೆ. ಈ ಎರಡು ಸರಣಿಗಳ ಬಗ್ಗೆಯೇ ಮಾತು ಬೆಳೆದರೆ ಗನ್‌ಸ್ಮೋಕ್‌ಗೂ ಕ್ಯಾನನ್‌ಗೂ ನಡುವಿನ ಹತ್ತು ವರ್ಷ ಕೈತಪ್ಪಿ ಹೋಗುತ್ತದೆ. ನನ್ನ ಮಟ್ಟಿಗೆ ಅವರ ಬದುಕಿನ ತಿರುಳು ಇರುವುದು ಆ ಹತ್ತು ವರ್ಷದಲ್ಲಿ.

1959ರಲ್ಲಿ 'ರಾಕಿ ಅಂಡ್ ಬುಲ್‌ವಿಂಕಲ್' ಕಾರ್ಟೂನ್ ಶುರುವಾಯಿತು. ನಿರೂಪಕ ಬಿಲ್ ಕಾನ್ರಾಡ್. ಡಿಲನ್‌ನ ತಗ್ಗಿದ ದನಿ ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೇಲಿನ ಶ್ರುತಿಯಲ್ಲಿ, ಓಡುವ ರೈಲಿನ ಹಾಗೆ, ಪ್ರತಿ ವಾಕ್ಯವೂ ಜಗತ್ತೇ ಮುಳುಗಿತು ಅನ್ನುವ ಗಾಬರಿಯಲ್ಲಿ. ದಿನಾಂಕ ಗಮನಿಸಿ. 1961ರ ಜೂನ್ ತನಕ ಈ ಮನುಷ್ಯ ಎರಡೂ ಕೆಲಸ ಮಾಡುತ್ತಿದ್ದರು. ಇತ್ತ ಅಳಿಲು ಮತ್ತು ಮೂಸ್ ಎಂಬ ಭಾರಿ ಜಿಂಕೆಯ ಕತೆ, ಅತ್ತ ಡಾಡ್ಜ್ ಸಿಟಿಯ ಸಾವುಗಳು. ಎರಡೂ ಒಂದೇ ಗಂಟಲು.

1963ರಲ್ಲಿ 'ದಿ ಫ್ಯುಜಿಟಿವ್'. ಮಾಡದ ಕೊಲೆಗೆ ಶಿಕ್ಷೆಯಾದ ಡಾಕ್ಟರ್ ತಪ್ಪಿಸಿಕೊಂಡು ಊರೂರು ಅಲೆಯುವ ಕತೆ. ನಿರೂಪಣೆ ಕಾನ್ರಾಡ್ ಅವರದು, ಅದೂ ಪರದೆಯ ಮೇಲೆ ಹೆಸರು ಹಾಕಿಸಿಕೊಳ್ಳದೆ. 1967ರ ಆಗಸ್ಟ್ 29ರಂದು ಕೊನೆಯ ಕಂತು ಬಂದಾಗ, ಅಲ್ಲಿಯವರೆಗೆ ಅಮೆರಿಕದ ಟಿವಿಯಲ್ಲಿ ಯಾವ ಧಾರಾವಾಹಿಯ ಕಂತನ್ನೂ ಅಷ್ಟು ಜನ ನೋಡಿರಲಿಲ್ಲ. ನಾಲ್ಕು ವರ್ಷದ ಓಟ ಇವತ್ತಿಗೆ ನಿಂತಿತು ಅಂತ ಅಷ್ಟೂ ಮನೆಗಳಿಗೆ ಹೇಳಿದ್ದು ಕಾನ್ರಾಡ್ ದನಿ. ಕಣ್ಣಿನ ಕೆಲಸ ಅಂದಿರಲ್ಲ ನೇಪಥ್ಯ ಅವರೇ, ಆ ಟಿವಿಗೂ ಕೊನೆಗೆ ಈ ದನಿ ಬೇಕಾಯಿತು.

ನಿರ್ದೇಶನವೂ ಇದೇ ಕಾಲದ್ದು. 1965 ಒಂದೇ ವರ್ಷದಲ್ಲಿ ವಾರ್ನರ್ ಬ್ರದರ್ಸ್‌ಗೆ ಮೂರು ಥ್ರಿಲ್ಲರ್ ಸಿನಿಮಾ. ಅವುಗಳಲ್ಲಿ 'ಬ್ರೈನ್‌ಸ್ಟಾರ್ಮ್' ತಪ್ಪದೆ ನೋಡಿ, ಉಳಿದೆರಡು ನೋಡದಿದ್ದರೂ ನಷ್ಟ ಇಲ್ಲ.

1963ರಲ್ಲಿ ಟಿವಿ ಗನ್‌ಸ್ಮೋಕ್‌ನ ಒಂದು ಕಂತನ್ನು ನಿರ್ದೇಶಿಸಿದರು, ಮುಂದೆ 1971ರಲ್ಲಿ ಇನ್ನೊಂದು. ತಾನು ಕಟ್ಟಿದ ಊರಿಗೆ ಅತಿಥಿಯಾಗಿ ಹೋಗಿ, ಕ್ಯಾಮೆರಾ ಹಿಂದೆ ನಿಂತು, ಡಿಲನ್ ವೇಷದಲ್ಲಿದ್ದ ಆರ್ನೆಸ್‌ಗೆ ಹೀಗೆ ನಿಲ್ಲಿ, ಹೀಗೆ ನೋಡಿ ಅಂತ ಹೇಳುವುದು. ಅದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು!

ಕೇಳುಗ 3

ಇಷ್ಟೆಲ್ಲ ಗೊತ್ತೇ ಇರಲಿಲ್ಲ. ನಾನು ಅವರದು ಏನೂ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಹೇಳಿ.

ಹಳೆಯ ಅಲೆ

ಒಂದಲ್ಲ, ಒಂದು ಜೋಡಿ ಹೇಳುತ್ತೇನೆ.

ಮೊದಲು 1948ರ ಜನವರಿ 14ರ 'ಎಸ್ಕೇಪ್' ಸರಣಿಯ 'ಲೈನಿಂಗೆನ್ ವರ್ಸಸ್ ದಿ ಆಂಟ್ಸ್' ಕೇಳಿ. ಅರ್ಧ ಗಂಟೆ. ದಕ್ಷಿಣ ಅಮೆರಿಕದಲ್ಲಿ ಒಬ್ಬ ತೋಟದ ಮಾಲೀಕ, ಅವನ ತೋಟದ ಕಡೆ ಮೈಲಿಗಟ್ಟಲೆ ಅಗಲಕ್ಕೆ ಹರಡಿಕೊಂಡು ಬರುತ್ತಿರುವ ಇರುವೆ ಸೈನ್ಯ. ಓಡಿಹೋಗು ಅಂತ ಅಧಿಕಾರಿ ಬಂದು ಹೇಳಿದರೂ ಅವನು ಹೋಗುವುದಿಲ್ಲ. ಆ ಹಟಮಾರಿ ಲೈನಿಂಗೆನ್ ಪಾತ್ರ ಕಾನ್ರಾಡ್ ಅವರದು.

ಆಮೇಲೆ 1954ರ 'ದಿ ನೇಕೆಡ್ ಜಂಗಲ್' ಸಿನಿಮಾ ನೋಡಿ. ಅದೇ ಕತೆ, ಜಾರ್ಜ್ ಪಾಲ್ ನಿರ್ಮಾಣ. ಲೈನಿಂಗೆನ್ ಆಗಿ ಚಾರ್ಲ್ಟನ್ ಹೆಸ್ಟನ್. ಕಾನ್ರಾಡ್ ಅದರಲ್ಲೂ ಇದ್ದಾರೆ. ಎಚ್ಚರಿಕೆ ಹೇಳುವ ಆ ಅಧಿಕಾರಿಯ ಪಾತ್ರದಲ್ಲಿ.

ರಾತ್ರಿ ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಸಿನಿಮಾ ಮರುದಿನ.

ಮೂರನೇ ಸಾಲು

ಈ ಜೋಡಿ ಗೊತ್ತಿರಲಿಲ್ಲ ಸರ್. ಗನ್‌ಸ್ಮೋಕ್ ಟಿವಿಗೆ ಹೋಗುವ ಒಂದು ವರ್ಷ ಮುಂಚೆಯೇ ಅವರಿಗೆ ಇದು ಒಂದು ಸಲ ಆಗಿಹೋಗಿತ್ತು ಅನ್ನಿ.

ಮೈಕಿನ ಮುಂದೆ

ನಾನೂ ಮತ್ತೆ ಕೇಳುತ್ತೇನೆ. ಎಸ್ಕೇಪ್ ಆಗ ನೇರ ಪ್ರಸಾರ ಅಂತ ನೆನಪಿಟ್ಟುಕೊಂಡು ಕೇಳಿ ಕೇಳುಗ 3. ಅಷ್ಟು ಉಸಿರು, ಅಷ್ಟು ಕಿರುಚಾಟ, ಎಲ್ಲ ಒಂದೇ ಟೇಕ್.

ಕೇಳುಗ 3

ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎರಡೂ ಮುಗಿಸಿದೆ.

ರೇಡಿಯೋ ನಾಟಕವನ್ನು ಹೇಳಿದ ಹಾಗೆ ಕತ್ತಲಲ್ಲಿ ಕೇಳಿದೆ. ಇರುವೆಗಳ ಸದ್ದು ಶುರುವಾದಾಗ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡೆ, ನಿಜವಾಗಿ. ಲೈನಿಂಗೆನ್ ಹೇಗಿದ್ದಾನೆ ಅಂತ ಒಂದು ಸಲವೂ ಯೋಚಿಸಲಿಲ್ಲ. ಈಗ ಕೇಳಿದರೆ ಅವನಿಗೆ ಮುಖವೇ ಇಲ್ಲ, ಬೆವರು ಮಾತ್ರ ಇದೆ.

ಸಿನಿಮಾದಲ್ಲಿ ಹೆಸ್ಟನ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಕಾನ್ರಾಡ್ ಪರದೆಗೆ ಬಂದು ಮೊದಲ ಮಾತು ಆಡಿದಾಗ ನಾನು ಸಿನಿಮಾ ನಿಲ್ಲಿಸಿದೆ. ಹಿಂದಿನ ರಾತ್ರಿ ನನ್ನ ಕಿವಿಯೊಳಗೆ ತೋಟ ಬಿಡುವುದಿಲ್ಲ ಅಂದಿದ್ದ ಅದೇ ದನಿ, ಈಗ ಬೇರೆಯವನ ತೋಟಕ್ಕೆ ಬಂದು ನಿಂತಿತ್ತು. ಹಿಂದೆ ಸರಿಸಿ ಆ ಮಾತನ್ನು ಎರಡು ಸಲ ಕೇಳಿದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ.

ಈಗ ಗನ್‌ಸ್ಮೋಕ್ ಮೊದಲ ಕಂತಿನಿಂದ ಶುರು ಮಾಡಿದ್ದೇನೆ. ಎಲ್ಲ ಸೇರಿ ಸುಮಾರು 480 ಪ್ರಸಾರ ಅಂತೆ. ದಿನಕ್ಕೆ ಒಂದರ ಹಾಗೆ ಕೇಳಿದರೂ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಏಳು ಆಗಿದೆ.

ಹಳೆಯ ಅಲೆ

ನಾನು 212ರಲ್ಲಿ ಇದ್ದೇನೆ. ಕೇಳುತ್ತಾ ಬನ್ನಿ, ಯಾವ ಕಂತು ಹಿಡಿಸಿತು ಅಂತ ಇಲ್ಲೇ ಬರೆಯುತ್ತಿರಿ.